ತಾನಾಗೇ ಹೊರಟ ಗಾಡಿ

ಆ ಬಾಟಲಿಯನ್ನು ಖಾಲಿ ಮಾಡುವುದು ಮಲ್ಲಿಕಾರ್ಜುನನ ಕೆಲಸವಾಗಿತ್ತು. ಮಾವ ಏಕಾಂತಯ್ಯನವರ ಹೊಸ ಹೈಬ್ರಿಡ್ ಎಸ್‌ಯುವಿಯ ಹಿಂಬಾಗಿಲಲ್ಲಿ ನೀರಿನ ಬಾಟಲಿಗೆಂದು ಕಂಪನಿಯವರು ಚೆಂದದ ಗೂಡೊಂದನ್ನು ಮಾಡಿಕೊಟ್ಟಿದ್ದರು. ಅದರಲ್ಲಿ ಕೂರುತ್ತಿದ್ದುದು ಮಾವನ ಎಲೆಯಡಿಕೆ ಉಗುಳಿನ ಬಾಟಲಿ. ಗುಬ್ಬಿಯ ಪೆಟ್ರೋಲ್ ಬಂಕಿಗೆ ಹೋಗಿ ಬರುವಷ್ಟರಲ್ಲಿ ಅದು ಅರ್ಧ ತುಂಬುತ್ತಿತ್ತು, ಕುಣಿಗಲ್ಲಿಗೆ ಹೋದ ದಿನ ಕತ್ತಿನವರೆಗೆ. ಮನೆಗೆ ಬಂದ ಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ, ಮೋರಿಗೆ ಸುರಿದು, ತೊಳೆದು ಮತ್ತೆ ಗೂಡಿನಲ್ಲಿ ಇಡಬೇಕು. ಬಿಸಾಕಿ ಬೇರೆ ಇಡೋಣವೆಂದರೆ ಮಾವ ಬಿಡುತ್ತಿರಲಿಲ್ಲ.

"ಗಟ್ಟಿ ಬಾಟ್ಲಿ ಕಣ್ಲಾ ಅದು. ತೊಳದು ಇಡು. ನಿಂಗೇನ್ ರೋಗ?"

ರೋಗವಲ್ಲ, ಅಸಹ್ಯ. ತೊಳೆದ ಮೇಲೂ ಕೈಯಲ್ಲಿ ಉಳಿಯುವ ಆ ಹುಳಿವಾಸನೆ ಊಟಕ್ಕೆ ಕೂತಾಗ ಅನ್ನದಿಂದಲೇ ಎದ್ದುಬಂದಂತೆ ಆಗುತ್ತಿತ್ತು. ಮಲ್ಲಿಕಾರ್ಜುನ ಬಿ.ಕಾಂ. ಓದಿದವನು. ತಾಯಿ ತೀರಿಕೊಂಡ ಮೇಲೆ ಹೆಬ್ಬೂರಿನಿಂದ ಕ್ಯಾತ್ಸಂದ್ರಕ್ಕೆ, ಮಕ್ಕಳಿಲ್ಲದ ಈ ಸೋದರಮಾವನ ಮನೆಗೆ ಬಂದು, ಇಲ್ಲೇ ಬೆಳೆದು, ಇಲ್ಲೇ ಕೂದಲು ನರೆಯುವಷ್ಟು ವಯಸ್ಸಾದವನು. ಬಂಕಿನ ಲೆಕ್ಕ ಅವನದು, ಟ್ಯಾಂಕರ್ ಬಂದಾಗ ನಿಲ್ಲುವವನು ಅವನು, ಹುಡುಗರ ಜಗಳ ಬಿಡಿಸುವವನು ಅವನು. ಇಷ್ಟೆಲ್ಲ ಮಾಡಿದ್ದು ಒಂದೇ ನಂಬಿಕೆಯಿಂದ: ಇವತ್ತಲ್ಲ ನಾಳೆ ಆ ಬಂಕು ತನ್ನದು.

ಕುಣಿಗಲ್ಲಿನಿಂದ ಬರುವಾಗ ಒಂದು ಸಂಜೆ ಹಿಂದಿನ ಸೀಟಿನಿಂದ ಮಾವ, ಹವಾಮಾನದ ಮಾತು ಆಡಿದಷ್ಟೇ ಸಲೀಸಾಗಿ ಹೇಳಿದರು.

"ಬಂಕ್‌ನ ಕುಣಿಗಲ್ ತಿಮ್ಮರಾಜುಗೆ ಕೊಟ್ಬುಡ್ತಾ ಇದೀನಿ. ಶ್ರಾವಣ ಕಳೀಲಿ, ರಿಜಿಸ್ಟ್ರು ಮಾಡ್ಕೊಡೋದು."

"ನಾನು, ಮಾವ?"

"ನಿಂಗ್ಯಾಕ್ಲಾ ಬಂಕು? ಮೂರು ಹೊತ್ತು ಊಟ ಐತೆ, ಗಾಡಿ ಓಡಿಸ್ಕೊಂಡಿರು."

ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು, ಉಗುಳಿದ ಸದ್ದು. ಕನ್ನಡಿಯಲ್ಲಿ ಮಾವನ ಕೆಂಪು ತುಟಿ ಕಾಣಿಸಿತು. ಈ ಮನುಷ್ಯ ಸಾಯಬೇಕು ಎಂದು ಮಲ್ಲಿಕಾರ್ಜುನನಿಗೆ ಅನಿಸಿದ್ದು ಆ ಕ್ಷಣದಲ್ಲಿ. ಅನಿಸಿದ್ದರಲ್ಲಿ ಸಿಟ್ಟಿಗಿಂತ ಹೇಸಿಗೆ ಹೆಚ್ಚಿತ್ತು, ಆದ್ದರಿಂದಲೇ ಅದು ಮರುದಿನವೂ ಆರಲಿಲ್ಲ.

ಸತ್ತರೆ ಎಲ್ಲವೂ ಸರಿಹೋಗುತ್ತಿತ್ತು. ಮಾವನದ್ದೆಲ್ಲ ಅತ್ತೆ ಬಸವಲಿಂಗಮ್ಮನಿಗೆ ಬರುತ್ತದೆ, ಅತ್ತೆಗೆ ಇವನೇ ಮಗ. "ನನ್ ಮಲ್ಲಿ" ಎನ್ನದೆ ಅವಳು ಮಾತು ಶುರು ಮಾಡುತ್ತಿರಲಿಲ್ಲ. ಕೇಳಬೇಕಾಗಿಯೂ ಇಲ್ಲ, ಅವಳೇ ಕರೆದು ಬಂಕಿನ ಕೀಲಿಯನ್ನು ಇವನ ಕೈಗೆ ಹಾಕುತ್ತಾಳೆ. ಆದರೆ ಅದು ರಿಜಿಸ್ಟರಿಗೆ ಮುಂಚೆ ಆಗಬೇಕು, ಮತ್ತು ಯಾರೋ ಮಾಡಿದ್ದು ಎನಿಸಬಾರದು.

ಯಾರೂ ಮಾಡದೆಯೇ ತಾನಾಗಿ ಕೆಡುವ ವಸ್ತುವೊಂದು ಪೋರ್ಟಿಕೊದಲ್ಲಿ ಆಗಲೇ ನಿಂತಿತ್ತು.

ಪೆಟ್ರೋಲ್ ಬಂಕಿನ ಮಾಲೀಕ ಪೆಟ್ರೋಲ್ ಕಡಿಮೆ ಕುಡಿಯುತ್ತದೆಂದು ಗಾಡಿ ಕೊಂಡಿದ್ದೇ ಒಂದು ತಮಾಷೆ. ಕೊಂಡ ವಾರದಲ್ಲಿ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಮುಂದೆ ಪೂಜೆ ಮಾಡಿಸಿದರು. ಚಕ್ರದಡಿ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಡ್ಯಾಶ್‌ಬೋರ್ಡಿನ ಮೇಲೆ ಅತ್ತೆ ಒಂದು ಪುಟ್ಟ ಹಿತ್ತಾಳೆ ಬಸವಣ್ಣನನ್ನೂ ಅದರ ಮುಂದೊಂದು ಗಂಧದಕಡ್ಡಿ ಸಿಕ್ಕಿಸುವ ಗುಬಟನ್ನೂ ಅಂಟಿಸಿ, ಗಾಡಿ ಓಡಿಸುವವನು ಇಂತಿಂಥದ್ದು ಮಾಡಬೇಕೆಂದು ಮಲ್ಲಿಕಾರ್ಜುನನಿಗೆ ಅಪ್ಪಣೆ ಕೊಟ್ಟಳು. ಅಷ್ಟಾದರೂ ತಿಂಗಳು ತುಂಬುವುದರೊಳಗೆ ಮಾವನ ದೂರುಗಳು ಶುರುವಾದವು.

ಮೊದಲನೆಯದು ಮೈಲೇಜು. ಶೋರೂಮಿನವರು ಹೇಳಿದಷ್ಟು ಬರಲಿಲ್ಲ. ಆಮೇಲೆ ಬ್ರೇಕು. ಮುಟ್ಟಿದರೆ ಮೊದಲು ಹಿಡಿಯುವುದಿಲ್ಲ, ಆಮೇಲೆ ಗಬಕ್ಕನೆ ಹಿಡಿಯುತ್ತದೆ. ಎರಡು ದಿನ ನಿಲ್ಲಿಸಿದರೆ ಸಣ್ಣ ಬ್ಯಾಟರಿ ಸತ್ತು ಬಾಗಿಲೇ ತೆಗೆಯಲು ಬಾರದು. ಅದಕ್ಕೆ ಕಾರಣ ಡ್ಯಾಶ್‌ಕ್ಯಾಮ್ ಎಂದು ಯಾರೋ ಅಂದರು, ಮಾವ ಆ ಕ್ಯಾಮೆರಾವನ್ನೇ ಕೀಳಿಸಿಹಾಕಿದರು. ಮಳೆಗಾಲದಲ್ಲಿ ಇಲಿ ಹೊಕ್ಕು ವೈರು ಕಡಿದು, ಕೊನೆಗೆ ಒಳಗೇ ಎಲ್ಲೋ ಸತ್ತಿತು. ಆ ನಾತವನ್ನು ಮೂಗಿನಲ್ಲಿಟ್ಟುಕೊಂಡು ಗುಬ್ಬಿಯವರೆಗೆ ಗಾಡಿ ಓಡಿಸಿದವನು ಮಲ್ಲಿಕಾರ್ಜುನ. ದೊಡ್ಡ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಬುಡದಲ್ಲಿತ್ತು. ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತಿದಾಗ, ಬಗ್ಗಿ ಕೂತು, ಮಾವನ ಬಾಯಿಂದ ಬಿದ್ದ ಅಡಿಕೆ ಚೂರು, ಹೊಗೆಸೊಪ್ಪಿನ ಎಸಳು, ನರೆಗೂದಲು ಎಲ್ಲವನ್ನೂ ಉಗುರಿನಿಂದ ಕೆರೆದು ತೆಗೆದವನೂ ಅವನೇ.

ಎ.ಸಿ.ಯ ದುರ್ವಾಸನೆಯ ದೂರಿಗೆ ಸರ್ವೀಸ್ ಸೆಂಟರಿನ ಕಾವ್ಯ ಎಂಬ ಹುಡುಗಿ ಮಾತ್ರ ತಿರುಗಿ ಒಂದು ಮಾತು ಹೇಳಿದ್ದಳು.

"ಸರ್, ಫಿಲ್ಟರ್ ಪೂರ್ತಿ ಹೊಗೆ ಹಿಡಿದಿದೆ. ಗಾಡಿ ಒಳಗೆ ದಿನಾ ಗಂಧದಕಡ್ಡಿ ಹಚ್ಚಬೇಡಿ."

ಮಾವನಿಗೂ ಟಚ್ ಸ್ಕ್ರೀನ್ ಮೇಲೆ ಬೂದಿ ಬೀಳುತ್ತದೆಂಬ ಸಂಕಟವಿತ್ತು. ಅತ್ತೆ ಒಪ್ಪಲಿಲ್ಲ. "ಬಸವಣ್ಣನಿಗೆ ಬೆಳಗ್ದೆ ಗಾಡಿ ಈಚೆ ತೆಗೆದ್ರೆ ನನ್ನಾಣೆ ಐತೆ ಮಲ್ಲಿ," ಎಂದು, ಮಠದ ಮುಂದಿನ ಅಂಗಡಿಯಿಂದ ಉದ್ದನೆಯ ದಪ್ಪ ಕಡ್ಡಿಗಳ ಕಟ್ಟನ್ನೇ ತಂದು ಡ್ರೈವರ್ ಬಾಗಿಲಿನ ಗೂಡಿಗೆ ತುರುಕಿದಳು. ಹೊರಡುವಾಗ ಹಚ್ಚಿದರೆ ಗುಬ್ಬಿ ತಲುಪುವವರೆಗೂ ಉರಿಯುವಂಥವು. ಹಿಂದಿನಿಂದ ಉಗುಳಿನ ವಾಸನೆ, ಮುಂದಿನಿಂದ ಹೊಗೆ, ನಡುವೆ ಸತ್ತ ಇಲಿ. ಮಲ್ಲಿಕಾರ್ಜುನನಿಗೆ ತಲೆ ಸಿಡಿಯುತ್ತಿತ್ತು, ಬರುಬರುತ್ತ ಅದೂ ನಿಂತುಹೋಯಿತು. ಮೂಗು ಸೋತಿತ್ತು.

ಎಲ್ಲಕ್ಕಿಂತ ದೊಡ್ಡ ದೂರು ಹೆಬ್ಬೂರಿನ ಹತ್ತಿರ ಹುಟ್ಟಿತು. ಒಕ್ಕಣೆಗೆಂದು ರಸ್ತೆಯ ಮೇಲೆ ರಾಗಿ ಹುಲ್ಲು ಹರಡಿದ್ದರು. ಎಲ್ಲ ಗಾಡಿಗಳೂ ಅದರ ಮೇಲೇ ಹೋಗುತ್ತವೆ, ಹೋಗಲೆಂದೇ ಹರಡುವುದು. ಇವರ ಗಾಡಿಯ ಮುಂದಿನ ರೇಡಾರ್ ಹುಲ್ಲಿನ ರಾಶಿಯನ್ನು ಏನೆಂದು ತಿಳಿಯಿತೋ, ತಾನೇ ಬ್ರೇಕು ಒತ್ತಿ ನಿಂತಿತು. ಮಾವ ಮುಂದಿನ ಸೀಟಿಗೆ ಹಣೆ ಬಡಿದುಕೊಂಡರು. ಅವರ ಕೈಯಲ್ಲಿ ಮುಚ್ಚಳ ತೆಗೆದಿದ್ದ ಬಾಟಲಿ ಬೋರಲಾಗಿ, ಉಗುಳು ಮಲ್ಲಿಕಾರ್ಜುನನ ಕತ್ತಿನ ಮೇಲೆ, ಅಂಗಿಯೊಳಗೆ, ಬೆನ್ನಿನುದ್ದಕ್ಕೂ ಬೆಚ್ಚಗೆ ಇಳಿಯಿತು. ರಾಗಿ ಹುಲ್ಲು ತಿರುವುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಆ ದರಿದ್ರ ಬ್ರೇಕ್‌ನ ಆಫ್ ಮಾಡಾಕು!" ಎಂದು ಮಾವ ಕೂಗಿದರು. ಅವತ್ತಿನಿಂದ ಗಾಡಿ ಚಾಲೂ ಮಾಡಿದ ಕೂಡಲೇ ಸ್ಕ್ರೀನಿನಲ್ಲಿ ಹುಡುಕಿ ಅದನ್ನು ಆಫ್ ಮಾಡುವುದೂ ಮಲ್ಲಿಕಾರ್ಜುನನ ಬೆಳಗಿನ ಕೆಲಸಗಳಿಗೆ ಸೇರಿತು. ಎದುರಿಗೆ ಮನುಷ್ಯ ಬಂದರೆ ನಿಲ್ಲುವ ಗಾಡಿಯನ್ನು ನಿಲ್ಲದ ಹಾಗೆ ಮಾಡಿಸಿದವರು ಖುದ್ದು ಏಕಾಂತಯ್ಯನವರೇ. ಇದನ್ನು ನೆನೆದಾಗೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು.

ಉಪಾಯ ಹೊಳೆದದ್ದು ಬಂಕಿನಲ್ಲಿ. ನಿಧಾನವಾಗಿ ಹೋಗುವಾಗ ಗಾಡಿ ಬ್ಯಾಟರಿಯಲ್ಲೇ ಓಡುತ್ತದೆ, ಸದ್ದೇ ಇಲ್ಲ. ಪೆಟ್ರೋಲ್ ಹಾಕುವ ರಂಗಯ್ಯ ಬೆನ್ನ ಹಿಂದೆಯೇ ಗಾಡಿ ಬಂದು ನಿಂತಿದ್ದು ಗೊತ್ತಾಗದೆ, ತಿರುಗಿದವನು ಕಿರುಚಿ ಹಾರಿದ್ದ. "ಎಮ್ಮೆ ಬಂದ್ರೂ ಗೊತ್ತಾಯ್ತದೆ, ಇದೇನ್ ಸ್ವಾಮಿ ಇದು!" ಎಲ್ಲರೂ ನಕ್ಕರು. ಮಲ್ಲಿಕಾರ್ಜುನ ನಗಲಿಲ್ಲ, ಅವನ ಕಣ್ಣು ರಂಗಯ್ಯನ ಬೆನ್ನಿನ ಮೇಲೇ ಇತ್ತು.

ಅಂಥದೇ ಇನ್ನೊಂದು ಬೆನ್ನು ಅವನಿಗೆ ಗೊತ್ತಿತ್ತು. ಪ್ರತಿ ಬೆಳಿಗ್ಗೆ ಮಾವ ಗೇಟಿನ ಬಳಿ, ಮನೆಗೆ ಬೆನ್ನು ಹಾಕಿ, ಬ್ರಷ್ಷು ಮತ್ತು ತಂಬಿಗೆ ಹಿಡಿದು ನಿಲ್ಲುತ್ತಿದ್ದರು. ಬಚ್ಚಲು ಇದ್ದರೂ ಅಲ್ಲೇ ನಿಲ್ಲಬೇಕು, ಗೇಟಿನ ಪಕ್ಕದ ಮೋರಿಗೇ ಉಗಿಯಬೇಕು. ಹಲ್ಲುಜ್ಜಿ, ನಾಲಿಗೆ ಕೆರೆದು, ಎರಡು ಬೆರಳು ಗಂಟಲಿಗೆ ತುರುಕಿ, ಬೀದಿಯೆಲ್ಲ ಕೇಳುವ ಹಾಗೆ ಕ್ಯಾಕರಿಸಿ, ಕರುಳೇ ಈಚೆ ಬರುವ ಹಾಗೆ ಓಕರಿಸುವುದು. ಆ ಸದ್ದಿಗೇ ಪಕ್ಕದ ಮನೆಯ ರಾಮಾಂಜಿನಯ್ಯ ಕಾಫಿ ಲೋಟ ಹಿಡಿದು ಒಳಗೆ ಹೋಗುತ್ತಿದ್ದರು. ಮನೆ ಎತ್ತರದಲ್ಲಿತ್ತು, ಪೋರ್ಟಿಕೊದಿಂದ ಗೇಟಿಗೆ ಕಡಿದಾದ ಇಳಿಜಾರು. ಸಂಜೆ ಗಾಡಿಯನ್ನು ರಿವರ್ಸಿನಲ್ಲಿ ಹತ್ತಿಸಿ ನಿಲ್ಲಿಸುವುದನ್ನು ಮಾತ್ರ ಮಾವ ಯಾರಿಗೂ ಬಿಡುತ್ತಿರಲಿಲ್ಲ. ಸುತ್ತ ಕಾಣಿಸುವ ಕ್ಯಾಮೆರಾ ನೋಡಿಕೊಂಡು ತಾವೇ ನಿಲ್ಲಿಸಬೇಕು, ಕೀಯನ್ನು ಒಳಗೇ ಬಿಟ್ಟು ಇಳಿಯಬೇಕು. ಸದ್ದಿಲ್ಲದ ಗಾಡಿಯಾದ್ದರಿಂದ ಆಫ್ ಮಾಡುವುದನ್ನೇ ಮರೆತು ಎಷ್ಟೋ ರಾತ್ರಿ ಹಾಗೇ ಮಲಗಿದ್ದರು.

ಅಂದರೆ ಬೆಳಿಗ್ಗೆ ಗಾಡಿ ಮೂತಿಯನ್ನು ಗೇಟಿನ ಕಡೆ ಮಾಡಿ ಮೇಲೆ ನಿಂತಿರುತ್ತದೆ, ಮಾವ ಬೆನ್ನು ತಿರುಗಿಸಿ ಕೆಳಗೆ ನಿಂತಿರುತ್ತಾರೆ. ಉಳಿದದ್ದು ಒಂದು ಕಟ್ಟುಕತೆ ಮಾತ್ರ. ಏಕಾಂತಯ್ಯನವರು ರಾತ್ರಿ ಗಾಡಿ ಆಫ್ ಮಾಡಲು ಮರೆತರು, ಗಾಡಿ ನೆಟ್ಟಗೆ ಮಾಡಲು ಕೊನೆಗೆ ಹಾಕಿದ ಮುಂದಿನ ಗೇರೂ ಹಾಗೇ ಉಳಿಯಿತು, ಬ್ರೇಕು ರಾತ್ರಿಯೆಲ್ಲ ಹಿಡಿದಿದ್ದು ಬೆಳಿಗ್ಗೆ ತಾನಾಗಿ ಬಿಟ್ಟಿತು.

ಆ ಕತೆಯನ್ನು ಬರೆದವನು ಅವನಲ್ಲ. ಈ ಗಾಡಿ ಕೊಂಡವರದೊಂದು ವಾಟ್ಸಾಪ್ ಗುಂಪಿತ್ತು. ಅದನ್ನು ನಡೆಸುತ್ತಿದ್ದವರು ರಾಮಾಂಜಿನಯ್ಯ, ಅವರದೂ ಅದೇ ಗಾಡಿ. ಬೆಳಗಾದರೆ ಅಲ್ಲಿ ಗೋಳು: ನಮ್ಮದು ತಾನೇ ನಿಲ್ಲುತ್ತೆ, ನಮ್ಮದು ತಾನೇ ಮುಂದೆ ಹೋಗುತ್ತೆ, ಪಾರ್ಕಿಂಗ್ ಬ್ರೇಕ್ ನಂಬಬೇಡಿ. ನಿಜವೆಷ್ಟು, ಮರೆವೆಷ್ಟು, ಮೈಲೇಜಿನ ಹೊಟ್ಟೆಯುರಿ ಎಷ್ಟು ಎಂದು ಹೇಳಲು ಯಾರಿಂದಲೂ ಆಗದು. ಮಲ್ಲಿಕಾರ್ಜುನ ರಾತ್ರಿ ಮಲಗಿ ಅದನ್ನು ಓದುತ್ತ, ಈ ಜನರ ಮೇಲೂ ಅಸಹ್ಯಪಡುತ್ತ, ತನಗೆ ಬೇಕಾದ್ದನ್ನು ಆರಿಸಿಕೊಂಡ.

ಮೊದಲು ಮಾವನನ್ನೇ ಸಾಕ್ಷಿ ಮಾಡಿದ. ಬಂಕಿನಲ್ಲಿ ಒಂದು ಮಧ್ಯಾಹ್ನ ಗೇರನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು, ಬ್ರೇಕು ಹಾಕದೆ ಇಳಿದು ಆಫೀಸಿನೊಳಗೆ ನಡೆದ. ಗಾಡಿ ಮೆಲ್ಲಗೆ ಉರುಳಿ ಗಾಳಿ ಹೊಡೆಯುವ ಮಿಷನ್ನಿಗೆ ಮುತ್ತಿಟ್ಟಿತು. ಅವನು ಓಡಿಬಂದು, "ಬ್ರೇಕ್ ಹಾಕಿದ್ದೆ ಮಾವ! ತಾಯಾಣೆ!" ಎಂದು ಹಣೆ ಹಣೆ ಚಚ್ಚಿಕೊಂಡ. ಸತ್ತ ತಾಯಿಯ ಮೇಲಿನ ಆಣೆ ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಒಂದು ಗಳಿಗೆ ಹೇಗೋ ಆಯಿತು, ಅಷ್ಟೇ.

ಮಾವ ನಂಬಿದರು. ನಂಬಿದ್ದಷ್ಟೇ ಅಲ್ಲ, ಸಿಕ್ಕಿದವರಿಗೆಲ್ಲ ಹೇಳಿದರು. ಮದುವೆಮನೆಯಲ್ಲಿ, ಮಠದ ದಾಸೋಹದಲ್ಲಿ ಎಲೆಯ ಮುಂದೆ ಕೂತು, ಗುಬ್ಬಿಯ ಕ್ಷೌರದಂಗಡಿಯಲ್ಲಿ, "ನಮ್ ಗಾಡಿ ತಾನೇ ನಡೀತೈತೆ ಕಣ್ರೀ, ದೆವ್ವ ಹಿಡ್ದದೆ" ಎಂದರು. ಗುಂಪಿನಲ್ಲಿ ತಮ್ಮದೇ ದನಿಯಲ್ಲಿ ದೂರನ್ನು ಹೇಳಿ ಹಾಕಿದರು. ಸರ್ವೀಸ್ ಸೆಂಟರಿಗೆ ಹೋಗಿ ಮೇಜು ಗುದ್ದಿದರು.

"ನಾಳೆ ಯಾರಾದ್ರೂ ಸತ್ರೆ ನಿಮ್ ಕಂಪನಿ ಬತ್ತದಾ?"

"ಸರ್, ಎರಡು ದಿನ ಇಟ್ಟುಕೊಂಡು ಚೆಕ್ ಮಾಡಿದೀವಿ. ಬ್ರೇಕಲ್ಲಿ ಏನೂ ತೊಂದರೆ ಸಿಕ್ತಿಲ್ಲ," ಎಂದಳು ಕಾವ್ಯ, ಅಳು ನುಂಗಿಕೊಂಡು.

ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ ಮಲ್ಲಿಕಾರ್ಜುನನಿಗೆ ಆ ಮಾತು ಕಿವಿಗೆ ಜೇನು ಸುರಿದಂತಿತ್ತು. ಏನೂ ಸಿಕ್ಕಿಲ್ಲ. ನಾಳೆ ಪೊಲೀಸರ ಮುಂದೆ ಕಂಪನಿ ಇದನ್ನೇ ಹೇಳುತ್ತದೆ, ಆಗ ಊರೇ ಕಂಪನಿಯ ಮುಖಕ್ಕೆ ಉಗಿಯುತ್ತದೆ.

ಉಳಿದ ತೂತುಗಳನ್ನು ಒಂದೊಂದಾಗಿ ಮುಚ್ಚಿದ. ಬೆರಳ ಗುರುತು? ದಿನಾ ಓಡಿಸುವ ಗಾಡಿ, ಗುರುತು ಇಲ್ಲದಿದ್ದರೇ ಅನುಮಾನ. ಕ್ಯಾಮೆರಾ? ಗೇಟಿಗೆ ತಗಡು ಹೊಡೆದಿದ್ದರಿಂದ ಬೀದಿಯ ಯಾವ ಕ್ಯಾಮೆರಾಕ್ಕೂ ಅಂಗಳ ಕಾಣುವುದಿಲ್ಲ. ಅತ್ತೆ? ಆ ಹೊತ್ತಿಗೆ ದೇವರಮನೆಯಲ್ಲಿ ಗಂಟೆ ಬಾರಿಸುತ್ತಿರುತ್ತಾಳೆ. ರಾತ್ರಿಯೆಲ್ಲ ಆನ್ ಇದ್ದ ಗಾಡಿಯ ಇಂಜಿನ್ ಆಗಾಗ ಸದ್ದು ಮಾಡಬೇಕಿತ್ತಲ್ಲ ಎಂದರೆ, ಹೆದ್ದಾರಿಯ ಲಾರಿ ಸದ್ದಿನಲ್ಲಿ ಕ್ಯಾತ್ಸಂದ್ರದವರಿಗೆ ಯಾವ ಸದ್ದು ಕೇಳೀತು? ಕೆಲಸ ಮುಗಿದ ಮೇಲೆ ಅವನು ಪಕ್ಕದ ಓಣಿಯಿಂದ ಹಿತ್ತಲ ಬಚ್ಚಲಿಗೆ ಹೋಗಿ, ತಲೆಗೆ ನೀರು ಸುರಿದುಕೊಂಡು, ಸೋಪಿನ ನೊರೆಯಲ್ಲೇ ಟವಲು ಸುತ್ತಿ ಓಡಿಬರುವುದು. ಸ್ನಾನದ ನಡುವೆ ಓಡಿಬಂದವನನ್ನು ಯಾರೂ ಸಂಶಯಿಸುವುದಿಲ್ಲ. ಇದನ್ನು ಯೋಚಿಸಿದ ದಿನ ಅವನು ತನ್ನ ಬುದ್ಧಿಗೆ ತಾನೇ ಬೆರಗಾದ. ಇಷ್ಟು ಬುದ್ಧಿಯಿದ್ದವನ ಕೈಯಲ್ಲಿ ಬಾಟಲಿ ತೊಳೆಸಿದರಲ್ಲ ಎಂದು ಮಾವನ ಮೇಲೆ ಮತ್ತಷ್ಟು ಕೆರಳಿದ.

ಶ್ರಾವಣದ ಕೊನೆಯ ಸೋಮವಾರ ಆರಿಸಿದ. ಅತ್ತೆಯ ಪೂಜೆ ಅವತ್ತು ಉದ್ದ.

ಬೆಳಿಗ್ಗೆ ಮೋಡವಿತ್ತು. ಮಾವ ಬರಿಮೈಯಲ್ಲಿ, ಕೊರಳಲ್ಲಿ ಲಿಂಗದ ಕರಡಿಗೆ ಜೋತಾಡಿಸಿಕೊಂಡು, ತಂಬಿಗೆ ಹಿಡಿದು ಇಳಿಜಾರಿಳಿದು ಹೋದರು. ಹೋಗುವಾಗ ಬಾಗಿಲಲ್ಲಿದ್ದ ಅಳಿಯನನ್ನು ಕಂಡು, "ಏನ್ಲಾ, ಇನ್ನೂ ಸ್ನಾನ ಆಗಿಲ್ವಾ? ಗುಬ್ಬಿಗೋಗ್ಬೇಕು, ಬೇಗ ರೆಡಿಯಾಗು" ಎಂದರು. ಈ ಮನುಷ್ಯ ತನ್ನೊಂದಿಗೆ ಆಡುವ ಕೊನೆಯ ಮಾತು ಇದು ಎಂದು ಮಲ್ಲಿಕಾರ್ಜುನನಿಗೆ ಹೊಳೆಯಿತು. ಕರುಣೆ ಬರುತ್ತದೇನೋ ಎಂದು ಕಾದ. ಆಗಲೇ ಕೆಳಗಿನಿಂದ ಮೊದಲ ಕ್ಯಾಕರಿಕೆ ಕೇಳಿಸಿತು, ಕರುಣೆ ಬರಲಿಲ್ಲ.

ಒಳಗೆ ಅತ್ತೆಯ ಗಂಟೆ ಶುರುವಾಯಿತು. ಅವನು ಗಾಡಿಯ ಬಾಗಿಲು ತೆಗೆದು ಕೂತ. ಕಣ್ಣು ಮುಂದಿನ ಗಾಜಿನಾಚೆ ಮಾವನ ಬೆನ್ನಿನ ಮೇಲೆ ನೆಟ್ಟಿತ್ತು. ಬಾಗಿದ ಬೆನ್ನು, ಸೊಂಟದ ಮೇಲಿನ ಮಡಿಕೆಗಳು, ಅಲ್ಲಲ್ಲಿ ಬಿಳಿಗೂದಲು. ಬೆಳಗಿನ ಕೆಲಸಗಳೆಲ್ಲ ಅವನ ಕೈಗಳಿಗೆ ಬಾಯಿಪಾಠವಾಗಿದ್ದವು. ಅವು ದಿನದ ಹಾಗೆ ಒಂದಾದ ಮೇಲೊಂದು ಮಾಡಿ ಮುಗಿಸಿದವು, ಕೊನೆಗೆ ರೇಡಾರನ್ನೂ ಆಫ್ ಮಾಡಿದವು. ಮನಸ್ಸಿಗೆ ಅದೊಂದೂ ತಾಗಲಿಲ್ಲ. ಮನಸ್ಸೆಲ್ಲ ಆ ಓಕರಿಕೆಯ ಲಯಕ್ಕೆ ಕಾಯುತ್ತಿತ್ತು. ಎರಡು ಬೆರಳು ಗಂಟಲಿಗೆ ಹೋಗುವ ಹೊತ್ತಿನಲ್ಲಿ ಮಾವನಿಗೆ ಪ್ರಪಂಚದ ಯಾವ ಸದ್ದೂ ಕೇಳುವುದಿಲ್ಲ.

ಬೆರಳು ಹೋಯಿತು. ಮಲ್ಲಿಕಾರ್ಜುನ ಪಾದ ಒತ್ತಿದ.

ಗಾಡಿ ಸದ್ದೇ ಇಲ್ಲದೆ ಇಳಿಯಿತು. ಇಳಿಜಾರು ಅರ್ಧ ದೂಡಿತು, ಬ್ಯಾಟರಿ ಅರ್ಧ ದೂಡಿತು. ಓಕರಿಕೆ ನಡುವೆ ಕತ್ತರಿಸಿದಂತೆ ನಿಂತಿತು, ತಗಡಿನ ಗೇಟು ಒಮ್ಮೆ ಧಡ್ ಎಂದಿತು, ತಂಬಿಗೆ ಉರುಳುತ್ತ ಬೀದಿಗೆ ಹೋಯಿತು. ಅವನು ಮುಂದೆ ನೋಡಲಿಲ್ಲ. ಗಾಡಿಯನ್ನು ಹಾಗೇ ಬಿಟ್ಟು, ಬಾಗಿಲನ್ನು ಮೆತ್ತಗೆ ಮುಚ್ಚಿ, ಓಣಿಯಲ್ಲಿ ಬಗ್ಗಿ ನಡೆದು ಬಚ್ಚಲು ಸೇರಿದ. ನೀರು ಸುರಿದುಕೊಂಡ. ಮುಖಕ್ಕೆ, ಮೂಗಿಗೆ, ಕತ್ತಿಗೆ ಘಾಟು ಸೋಪನ್ನು ಸಿಟ್ಟು ತೀರುವಷ್ಟು ತಿಕ್ಕಿದ. ಇನ್ನು ಮೇಲೆ ಈ ಮೈಗೆ ಆ ಉಗುಳಿನ ವಾಸನೆ ಇರುವುದಿಲ್ಲ ಎಂದುಕೊಂಡಾಗ ನಿಜಕ್ಕೂ ಸುಖವಾಯಿತು.

ರಾಮಾಂಜಿನಯ್ಯನವರ ಕೂಗು ಕೇಳಿಸಿದ ಮೇಲೆ ಓಡಿಬಂದ. ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯಿತು. ನಾಲ್ಕಾರು ಜನ ಮುಂದಿನಿಂದ ಗಾಡಿಯನ್ನು ಹಿಂದಕ್ಕೆ ತಳ್ಳಿ ಹಿಡಿದು, ಏಕಾಂತಯ್ಯನವರನ್ನು ಈಚೆ ಎಳೆದು ಮಲಗಿಸಿದರು. ಉಸಿರು ಆಗಲೇ ನಿಂತಿತ್ತು. ಯಾರೋ ಚಕ್ರಕ್ಕೆ ಕಲ್ಲು ಕೊಟ್ಟರು. ಗಾಡಿಯ ಬಾಗಿಲು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

"ಮುಟ್ಬೇಡಿ! ಅದು ಇನ್ನೂ ಆನ್ ಇದೆ!" ಎಂದು ರಾಮಾಂಜಿನಯ್ಯ ಕೂಗುತ್ತಿದ್ದರು. "ಬಡ್ಕೊಂಡೆ ಕಂಪ್ನಿಯವ್ರಿಗೆ! ತಿಂಗಳಿಂದ ಬಡ್ಕೊಂಡೆ! ಕೊಂದ್ಬಿಟ್ರಲ್ಲಪ್ಪ ಮನುಷ್ಯನ್ನ!"

ಮಲ್ಲಿಕಾರ್ಜುನ ನೊರೆ ಮೈಯಲ್ಲೇ ಮಾವನ ಕಾಲ ಬಳಿ ಕುಸಿದ. ಅಳು ಕಷ್ಟವಾಗಲಿಲ್ಲ, ಕಣ್ಣಿಗೆ ಸೋಪು ಹೋಗಿತ್ತು. ಅತ್ತೆ ಆರತಿಯ ಕುಂಕುಮದ ಕೈಯಲ್ಲೇ ಬಂದವಳು ಗಂಡನನ್ನು ನೋಡಿ, ಕೂಗಲಾರದೆ, ಇವನ ಒದ್ದೆ ತಲೆಯನ್ನು ಎದೆಗವಚಿಕೊಂಡಳು.

ಸ್ಟೇಷನ್ ಹತ್ತಿರವೇ. ಬೆಳಗಿನ ರೌಂಡಿನಲ್ಲಿದ್ದ ಎಸ್.ಐ. ಭಾನುಪ್ರಿಯಾ ಆಂಬುಲೆನ್ಸಿಗಿಂತ ಮೊದಲೇ ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ರಾಮಾಂಜಿನಯ್ಯ ಮೊಬೈಲು ಹಿಡಿದು ಏಕಾಂತಯ್ಯನವರದೇ ದನಿಯಲ್ಲಿದ್ದ ದೂರನ್ನು ಕೇಳಿಸಿದರು. ಸತ್ತವರೇ ತಮ್ಮ ಸಾವಿನ ಕಾರಣ ಹೇಳುತ್ತಿದ್ದರು.

"ರಾತ್ರಿ ಗಾಡಿ ನಿಲ್ಸಿದ್ದು ಯಾರು?" ಎಸ್.ಐ. ಕೇಳಿದರು.

"ಮಾವನೇ ಮೇಡಂ. ಆಫ್ ಮಾಡೋದು ಮರ್ತಿರ್ಬೇಕು. ಎಷ್ಟೋ ಸಲ ಮರೆಯೋರು. ರಾ‌ತ್ರಿ ಒಂದ್ಸಲ ಇಂಜಿನ್ ಸದ್ದು ಕೇಳ್ದಂಗಾಯ್ತು, ಲಾರಿ ಅನ್ಕೊಂಡೆ."

"ಬೆಳಿಗ್ಗೆ ಯಾರಾದ್ರೂ ಗಾಡಿ ಬಾಗಿಲು ತೆಗೆದಿದ್ರಾ? ಒಳಗೆ ಕೂತಿದ್ರಾ?"

"ಇಲ್ಲ ಮೇಡಂ. ಮಾವ ರಾತ್ರಿ ಇಳಿದ್ಮೇಲೆ ಒಂದು ನರಪಿಳ್ಳೆ ಹತ್ರ ಹೋಗಿಲ್ಲ. ಇವತ್ತು ನಾನಿನ್ನೂ ಗಾಡಿ ಮುಟ್ಟೇ ಇಲ್ಲ, ಸ್ನಾನಕ್ಕೋಗಿದ್ದೆ. ಅತ್ತೇನ ಕೇಳಿ."

ಅತ್ತೆ ಹೌದೆಂದು ತಲೆಯಾಡಿಸಿದಳು. ಎಸ್.ಐ. ಬರೆದುಕೊಂಡರು. ಆಗ ಇಂಜಿನ್ ತಾನಾಗಿ ಗುರ್ರೆಂದು ಚಾಲೂ ಆಯಿತು. ಬ್ಯಾಟರಿ ಇಳಿದರೆ ಹೈಬ್ರಿಡ್ ಗಾಡಿಗಳೆಲ್ಲ ಮಾಡುವುದೇ ಅದು, ಆದರೆ ಜನ ಚೀರಿ ಹಿಂದಕ್ಕೆ ಓಡಿದರು. "ನೋಡಿ! ನೋಡಿ ಮೇಡಂ! ಒಳಗೆ ಯಾರಿದಾರೆ ಈಗ?" ಎಂದು ರಾಮಾಂಜಿನಯ್ಯ ಕಿರುಚಿದರು. ಕಾನ್‌ಸ್ಟೆಬಲ್ ಕೂಡ ಕೈ ಮುಗಿದ. ಇಷ್ಟು ದೊಡ್ಡ ಸಾಕ್ಷಿಯನ್ನು ಮಲ್ಲಿಕಾರ್ಜುನ ಎಣಿಸಿಯೇ ಇರಲಿಲ್ಲ. ಟವಲಿನಲ್ಲಿ ಮುಖ ಮುಚ್ಚಿಕೊಂಡು, ಗುಬ್ಬಿಯ ಬಂಕಿಗೆ ಹೊಸ ಬಣ್ಣ ಹೊಡೆಸಬೇಕು ಎಂದುಕೊಂಡ.

ಎಸ್.ಐ. ಭಾನುಪ್ರಿಯಾ ಮಾತ್ರ ಹಿಂದೆ ಸರಿಯಲಿಲ್ಲ. ಆಫ್ ಮಾಡಲೆಂದು ನೇರ ಹೋಗಿ ಡ್ರೈವರ್ ಬಾಗಿಲು ತೆಗೆದರು. ಒಳಗೆ ತುಂಬಿ ನಿಂತಿದ್ದ ಹೊಗೆ ಅವರ ಮುಖಕ್ಕೆ ಬಂದು ಕೆಮ್ಮಿಸಿತು, ಅಂಗಳಕ್ಕೆಲ್ಲ ಗಂಧದ ಪರಿಮಳ ಹರಡಿತು. ಬಸವಲಿಂಗಮ್ಮ ತಲೆಯೆತ್ತಿದಳು, ಎದ್ದು ಬಾಗಿಲವರೆಗೆ ತೂರಾಡುತ್ತ ಹೋದಳು, ಡ್ಯಾಶ್‌ಬೋರ್ಡಿನ ಮೇಲಿದ್ದ ಹಿತ್ತಾಳೆ ಬಸವಣ್ಣನಿಗೆ ಎರಡೂ ಕೈ ಚಾಚಿ ಎದೆಯೊಡೆದು ಕೂಗಿದಳು: "ದಿನಾ ಬೆಳಿಗ್ಗೆ ನನ್ ಮಲ್ಲಿ ಕೈಲಿ ಕಡ್ಡಿ ಹಚ್ಚಿಸ್ಕೊಂಡ್ಯಲ್ಲೋ ಬಸವಾ! ಇವತ್ತೂ ಹಚ್ಚಿಸ್ಕೊಂಡಿದೀಯಲ್ಲೋ, ಇನ್ನೂ ಅರ್ಧನೂ ಉರಿದಿಲ್ವಲ್ಲೋ, ಅಷ್ಟ್ರೊಳಗೇ ನನ್ ಗಂಡನ್ನ ತಿಂದ್ಯೇನೋ!" ಎಸ್.ಐ. ಕೆಮ್ಮು ನಿಲ್ಲಿಸಿ ಮೊದಲು ಕಡ್ಡಿಯ ತುದಿಯ ಕೆಂಡವನ್ನು ನೋಡಿದರು, ಆಮೇಲೆ ತಾವು ಬರೆದುಕೊಂಡದ್ದನ್ನು ನೋಡಿದರು, ಆಮೇಲೆ ಮಲ್ಲಿಕಾರ್ಜುನನನ್ನು. ಮುಖದ ಸೋಪು ಒಣಗಿತ್ತು. ಎಷ್ಟೋ ತಿಂಗಳ ಮೇಲೆ ಮೊದಲ ಬಾರಿಗೆ ಆ ವಾಸನೆ ಅವನ ಮೂಗಿಗೆ ತಾಗಿತು.